ರೆಕ್ಕೆಗೂ ಉಂಟು ಖಾತಾ

ಬನಶಂಕರಿಯಲ್ಲಿ ಸೈಟು ಕೊಳ್ಳುವವರು ಮೂವತ್ತು ವರ್ಷದ ಇ.ಸಿ. ತೆಗೆಸಿ, ವಕೀಲರಿಗೆ ತೋರಿಸಿ, ಆಮೇಲೂ ನಿದ್ದೆಗೆಡುತ್ತಾರೆ. ಅದಕ್ಕಿಂತ ಹಳೇ ಜೋಡಿರೆಕ್ಕೆ ವಿಮಾನದ ಮಾಲೀಕರ ವಂಶಾವಳಿ ಹುಡುಕುವುದೇ ಸಲೀಸು ಎಂಬುದು ನನ್ನ ವಾದ. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ಜಾತಿಯನ್ನೇ ನೋಡಿ: ಫ್ಲೈಯಿಂಗ್ ಕ್ಲಬ್ಬಿನಲ್ಲಿದ್ದಾಗ ‘ವಿಟಿ’ಯಿಂದ ಶುರುವಾಗುವ ಅಕ್ಷರಗಳು, ವಾಯುಪಡೆ ಸೇರಿದರೆ ಬೇರೆ ಅಂಕಿ, ಹೆಸರು ಎಷ್ಟು ಬದಲಾದರೂ ಕಾರ್ಖಾನೆ ಕೊಟ್ಟ ಕ್ರಮಸಂಖ್ಯೆ ಮಾತ್ರ, ಜಯನಗರದ ಕೆಎ-05 ಸ್ಕೂಟರಿನ ಚಾಸಿಸ್ ನಂಬರಿನಂತೆ, ಬೆನ್ನು ಬಿಡುವುದಿಲ್ಲ.

‘ಬಟ್ಟೆ, ಮರ, ಎಂಜಿನ್ ಎಲ್ಲ ಬದಲಾದ ಮೇಲೆ ಅದು ಹಳೇ ವಿಮಾನವೇ?’ ಎನ್ನಬಹುದು. ಜೆ.ಪಿ. ನಗರದಲ್ಲಿ ಹಳೇ ಮನೆ ಕೆಡವಿ ನಾಲ್ಕಂತಸ್ತು ಎಬ್ಬಿಸಿದರೂ ಖಾತಾ ತಾತನ ಹೆಸರಲ್ಲೇ ಇರುತ್ತದಲ್ಲ! ವಿಮಾನಕ್ಕಾದರೆ ಲಾಗ್‌ಬುಕ್ಕಿದೆ, ರೆಕ್ಕೆಗೆ ತೇಪೆ ಹಾಕಿದ್ದೂ ದಾಖಲು. ಸೈಟಿನ ಬೇಲಿ ರಾತ್ರೋರಾತ್ರಿ ಎರಡಡಿ ಆಚೆ ಹಾರಿದ್ದನ್ನು ಬರೆದಿಟ್ಟವರುಂಟೇ?