ಕೋಟ್ ಸಾಹೇಬ್ರ ಜತೆ ಎರಡು ಮಾತು

ಬೇಸಿಗೆಯಲ್ಲಿ ಕೆಳಗಿನ ಕೋರ್ಟುಗಳಲ್ಲಿ ವಕೀಲರಿಗೆ ಕರಿ ಕೋಟು ಕಡ್ಡಾಯವಲ್ಲ. ಹಾಗಾಗಿ ಬೀದರಿನ ಬಾರ್ ರೂಮಿನ ಗೂಟಕ್ಕೆ ಜೋತುಬಿದ್ದಿದ್ದ ಹಳೆಯ ಕೋಟು ಆರಾಮಾಗಿ ಮಾತಿಗೆ ಸಿಕ್ಕಿತು. ಕಾಲರು ಬೆವರಿಗೆ ಬಿಳಿಚಿದೆ. ಒಂದು ಕಿಸೆಯಲ್ಲಿ ಭಾಲ್ಕಿ ಬಸ್ಸಿನ ಟಿಕೆಟ್, ಇನ್ನೊಂದರಲ್ಲಿ ನಾಲ್ಕು ಮಡಿಕೆಯ ಜೆರಾಕ್ಸ್.

ಪ್ರಶ್ನೆ: ಕೆನಡಾದ ಓಸ್ಲರ್ ಎಂಬ ವಕೀಲರ ಸಂಸ್ಥೆ 1862ರಿಂದ ವ್ಯಾಪಾರಿಗಳ ವಕಾಲತ್ತು ನಡೆಸುತ್ತಿದೆಯಂತೆ. ನಿಮ್ಮ ಇತಿಹಾಸ?

ಕೋಟು: ನಮ್ದೇನು ಕಡಿಮಿ ಅದ? ನಮ್ಮಜ್ಜ ಶೇರ್ವಾನಿ. ನಿಜಾಮನ ಕಾಲಕ್ಕ ಇಲ್ಲಿ ಅರ್ಜಿ, ಜವಾಬು, ಫೈಸಲಾ ಎಲ್ಲ ಉರ್ದುದಾಗೇ. 1948ರಾಗ ನಿಜಾಮನ ರಾಜ್ಯ ಹೋತು, 1956ರಾಗ ನಾವು ಮೈಸೂರಿಗೆ ಸೇರಿದ್ವಿ. ಅಜ್ಜ ಮಾತ್ರ ಇನ್ನೂ ರಿಟೈರ್ ಆಗಿಲ್ಲ. ಬಾರ್ ಕೌನ್ಸಿಲ್ ನಿಯಮದಾಗ ಕರಿ ಶೇರ್ವಾನಿ ಹೆಸರು ಇವತ್ತಿಗೂ ಅದ.

ಪ್ರಶ್ನೆ: ಓಸ್ಲರ್‌ನಲ್ಲಿ ಕಂಪನಿ ವಿಲೀನಕ್ಕೊಬ್ಬ, ತೆರಿಗೆಗೊಬ್ಬ, ಪೇಟೆಂಟಿಗೊಬ್ಬ ವಕೀಲ.

ಕೋಟು: ನಮ್ಮಲ್ಲೂ ಅಷ್ಟೇ ವಿಭಾಗ, ಮೈ ಒಂದೇ. ಮುಂಜಾನೆ ಜಾಮೀನು, ಮಧ್ಯಾಹ್ನ ಹೊಲದ ಬದುವಿನ ಜಗಳ, ಸಂಜೀಕ ಅಡತ್ ಅಂಗಡಿ ಬಾಕಿ. ಔರಾದಿಗೆ ಹೋದ್ರ ಕಕ್ಷಿದಾರ ಮರಾಠಿದಾಗ ಅಳ್ತಾನ, ನಾವು ಕನ್ನಡದಾಗ ಬರ್ಕೋತೀವಿ, ಕಾಯ್ದೆ ಇಂಗ್ಲಿಷಿನಾಗ ಕುಂತಿರ್ತದ.

ಪ್ರಶ್ನೆ: ಅಡತ್ ಬಾಕಿಯ ಕೇಸು ನಿಮ್ಮ ಹತ್ತಿರ ಯಾವಾಗ ಬರುತ್ತದೆ?

ಕೋಟು: ಎಲ್ಲ ಮುಗಿದ ಮ್ಯಾಲ. ಕೆನಡಾದಾಗ ಮೊದಲು ಕರಾರು, ಆಮ್ಯಾಲ ವ್ಯಾಪಾರ. ಇಲ್ಲಿ ಮೊದಲು ಚಹಾ, ಆಮ್ಯಾಲ ತೊಗರಿ, ಆಮ್ಯಾಲ ಜಗಳ, ಕಡೀಕ ಕರಾರು ಹುಡುಕೋದು. ಬಾಕಿ ವಸೂಲಿ ದಾವೆಗೆ 3 ವರ್ಷದ ಮುದ್ದತ್ತು. ಅಷ್ಟರೊಳಗ ಸಾಲಗಾರ ‘ಇಷ್ಟು ಬಾಕಿ ಅದ’ ಅಂತ ಬರ್ದು ಸಹಿ ಹಾಕಿದ್ರ ಮುದ್ದತ್ತು ಹೊಸದಾಗಿ ಚಾಲೂ. ಭಾಲ್ಕಿ ಸಾವುಕಾರ್ರೊಬ್ಬರಿಗೆ ಇದನ್ನೇ ಹೇಳಿದ್ವಿ. ‘ಸಹಿ ಕೇಳಿದ್ರ ಬೀಗ್ರು ಸಿಟ್ಟಾಗ್ತಾರ್ರಿ, ವಕೀಲ್ ಸಾಹೇಬ್ರ’ ಅಂದ್ರು. ನಾಕನೇ ವರ್ಷ ಬಂದ್ರು. ಬೀಗ್ರು ಸಿಟ್ಟಾಗಿರಲಿಲ್ಲ, ನಗ್ಲಿಕ್ಕತ್ತಿದ್ರು.

ಪ್ರಶ್ನೆ: ಪಾಲುದಾರಿಕೆ ಫರ್ಮುಗಳಾದರೂ ನೆಟ್ಟಗಿವೆಯೇ?

ಕೋಟು: ಬೋರ್ಡು ನೆಟ್ಟಗದ. ಅಣ್ಣತಮ್ಮರು ದೊಡ್ಡಕ್ಷರದಾಗ ಬರೆಸ್ತಾರ, ನೋಂದಣಿ ಮರೀತಾರ. 1932ರ ಪಾಲುದಾರಿಕೆ ಕಾಯ್ದೆದ 69ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಫರ್ಮಿಗೆ ಕರಾರಿನ ರೊಕ್ಕಕ್ಕ ಹೊರಗಿನವನ ಮ್ಯಾಲ ದಾವೆ ಹೂಡ್ಲಿಕ್ಕ ಬರಲ್ಲ. ಆದ್ರ ಅವ ಫರ್ಮಿನ ಮ್ಯಾಲ ಹೂಡಬಹುದು!

ಪ್ರಶ್ನೆ: ಮತ್ತೆ ನಿಮ್ಮ ಹೊಟ್ಟೆಪಾಡು?

ಕೋಟು: ಚೆಕ್ ಬೌನ್ಸ್. ಚೆಕ್ಕಿನ ಕಾಯ್ದೆದ 138ನೇ ಕಲಂ ನಮ್ಮ ಅನ್ನದಾತ. ಬ್ಯಾಂಕಿನ ಮೆಮೊ ಬಂದ 30 ದಿನದಾಗ ನೋಟಿಸು. ಅದು ಮುಟ್ಟಿದ ಮ್ಯಾಲ 15 ದಿನ ರೊಕ್ಕದ ದಾರಿ ನೋಡಬೇಕು. ಬರ್ಲಿಲ್ಲಂದ್ರ ಒಂದು ತಿಂಗಳೊಳಗ ಫಿರ್ಯಾದಿ. ಅಲ್ಲೀತನಕ ದಿನದ ಲೆಕ್ಕ, ಮುಂದ ವರ್ಷದ ಲೆಕ್ಕ.

ಪ್ರಶ್ನೆ: ಹೈಕೋರ್ಟಿಗೆ ಹೋದರೆ?

ಕೋಟು: ಕಲಬುರಗಿಗೆ 2008ರಾಗ ಪೀಠ ಬಂತು, 2013ರಾಗ ಕಾಯಂ ಆತು. ಅದಕ್ಕ ಮೊದಲು ರಾತ್ರಿ ಇಡೀ ಕುಂತು ಬೆಂಗಳೂರಿಗೆ ಹೋಗಿ, ಮುಂದಿನ ತಾರೀಖು ತಗೊಂಡು ಬರ್ತಿದ್ವಿ.

ಪ್ರಶ್ನೆ: ಫೀ? ಗೆದ್ದ ಹಣದಲ್ಲಿ ಪಾಲೇ?

ಕೋಟು: ಛೇ, ಅದು ವಕೀಲರಿಗೆ ನಿಷಿದ್ಧ. ಔರಾದಿನವರು ‘ತೊಗರಿ ರಾಶಿ ಆಗ್ಲಿ’ ಅಂತಾರ. ರಾಶಿ ಆಗ್ತದ, ಫೀ ಬರಲ್ಲ. ಅದಕ್ಕೇ ಈ ಸಲ ಚೆಕ್ ಇಸ್ಕೊಂಡ್ವಿ.

ಪ್ರಶ್ನೆ: ಪಾಸಾಯಿತೇ?

ಕೋಟು: ನೋಟಿಸು ಟೈಪ್ ಆಗ್ಲಿಕ್ಕತ್ತದ.