ಉದರಾಂತರ ಮೀಮಾಂಸೆ, ಅಥವಾ ತುಮಕೂರು ಸೀಮೆಯಲ್ಲಿ ಸ್ಪೋರ್ಟ್ಸ್ ಕಾರು ತಗ್ಗಿಸುವವರ ಗತಿ

ಕಾರಿನ ಹೊಟ್ಟೆಗೂ ಭೂಮಿಗೂ ನಡುವಿನ ಅವಕಾಶವೇ ಉದರಾಂತರ. ಸ್ಪೋರ್ಟ್ಸ್ ಕಾರಿನಲ್ಲಿ ಇದು ಸುಮಾರು 12 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಇಷ್ಟೂ ಹೆಚ್ಚಾಯಿತೆಂಬ ವೈರಾಗ್ಯ ಮೂಡಿದವರು ಗಿಡ್ಡ ಸ್ಪ್ರಿಂಗನ್ನೋ ಕಾಯ್ಲೋವರನ್ನೋ ಹಾಕಿಸಿ ಇನ್ನೂ 4 ಸೆಂ.ಮೀ. ಇಳಿಸುತ್ತಾರೆ. ಪ್ರಸ್ತುತ ಪ್ರಬಂಧದಲ್ಲಿ ಇವರನ್ನು ಅಧೋವಾದಿಗಳೆಂದು ನಿರ್ದೇಶಿಸಲಾಗಿದೆ.

ಇವರ ಪೂರ್ವಪಕ್ಷ ಬಲವಾದದ್ದೇ. ತಿರುವಿನಲ್ಲಿ ಒಳಗಾಲಿಯ ಭಾರ ಹೊರಗಾಲಿಗೆ ಹೋಗುತ್ತದೆ. ಗುರುತ್ವಕೇಂದ್ರ ಎಷ್ಟು ಕೆಳಗಿದ್ದರೆ ಈ ವರ್ಗಾವಣೆ ಅಷ್ಟು ಕಡಿಮೆ, ಟೈರುಗಳ ಹಿಡಿತ ಅಷ್ಟು ಹೆಚ್ಚು. ಉತ್ತರಪಕ್ಷ ಹೀಗಿದೆ: ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ತಗ್ಗಿಸಿದಾಗ ಗುರುತ್ವಕೇಂದ್ರಕ್ಕಿಂತ ರೋಲ್ ಸೆಂಟರ್, ಅಂದರೆ ಕಾರು ಯಾವುದರ ಸುತ್ತ ವಾಲುತ್ತದೋ ಆ ಬಿಂದು, ಇನ್ನೂ ಹೆಚ್ಚು ಇಳಿದುಬಿಡುತ್ತದೆ. ವಾಲದಿರಲೆಂದು ತಗ್ಗಿಸಿದ ಕಾರಿಗೆ ವಾಲಿಸುವ ಸನ್ನೆಯೇ ಉದ್ದವಾಯಿತು. ಅದನ್ನು ತಡೆಯಲು ಗಟ್ಟಿ ಸ್ಪ್ರಿಂಗ್, ಗಟ್ಟಿ ಸ್ಪ್ರಿಂಗಿಗೆ ತಕ್ಕ ಡ್ಯಾಂಪರ್, ಇದರ ನಡುವೆ ಹಳ್ಳ ಹಿಡಿದ ಗಾಲಿಕೋನಗಳಿಗೆ (ಕ್ಯಾಂಬರ್, ಟೋ) ಹೊಸ ವೀಲ್ ಅಲೈನ್‌ಮೆಂಟ್. ತರ್ಕಶಾಸ್ತ್ರದಲ್ಲಿ ಇದು ಅನವಸ್ಥಾ ದೋಷ, ಗ್ಯಾರೇಜಿನಲ್ಲಿ ಬಿಲ್ಲು.

ಇನ್ನು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 99ನೇ ಸಂಹಿತೆಯು (1988) ಹಂಪಿಗೆ 3.7 ಮೀ. ಅಗಲ, 10 ಸೆಂ.ಮೀ. ಎತ್ತರ, 17 ಮೀ. ತ್ರಿಜ್ಯ ವಿಧಿಸಿ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಿಸುವ ಉದ್ದೇಶ ಹೊಂದಿತ್ತು. ಮುಂದಿನ ಹಿಂದಿನ ಗಾಲಿಗಳ ನಡುವೆ 2.5 ಮೀ. ಇರುವ ಕಾರು ಇದರ ನೆತ್ತಿ ಏರಿದಾಗ ಉದರಾಂತರದಲ್ಲಿ ನಷ್ಟವಾಗುವುದು ಕೇವಲ 4.6 ಸೆಂ.ಮೀ. ತಗ್ಗಿಸಿದ ಮೇಲಿನ ಎಂಟರಲ್ಲಿ ಕಳೆದರೆ 3.4 ಉಳಿಯಿತು. ಅಧೋವಾದಿ ಗೆದ್ದ, ಕಾಗದದ ಮೇಲೆ. ಏಕೆಂದರೆ ಹಂಪುಗಳಲ್ಲಿ ಶ್ರೌತ, ಸ್ಮಾರ್ತ ಎಂದು ಎರಡು ಬಗೆ. ಸಂಹಿತೆಯಂತೆ ಕಟ್ಟಿದ್ದು ಶ್ರೌತ. ಹಿಂದೊಮ್ಮೆ ಆದ ಅಪಘಾತದ ಸ್ಮೃತಿಯಲ್ಲಿ, ಯಾರದೋ ಮನೆಗೆ ತಂದು ಮಿಕ್ಕ ಕಾಂಕ್ರೀಟಿನಲ್ಲಿ, ರಾತ್ರೋರಾತ್ರಿ ಎದ್ದದ್ದು ಸ್ಮಾರ್ತ. ಇದರ ಅಗಲ ಎರಡಡಿ, ಎತ್ತರ ಕಟ್ಟಿದವರ ಸಿಟ್ಟಿನಷ್ಟು. ನಾಲ್ಕೂ ಗಾಲಿ ನೆಲದ ಮೇಲಿರುವಾಗಲೇ ಹಂಪು ಪೂರ್ತಿಯಾಗಿ ಹೊಟ್ಟೆಯಡಿಗೆ ಬರುವುದರಿಂದ ತ್ರಿಜ್ಯದ ಲೆಕ್ಕ ಇಲ್ಲಿ ನಡೆಯದು. ಓರೆಯಾಗಿ ಹಾಯಿಸುವುದೊಂದೇ ಪ್ರಾಯಶ್ಚಿತ್ತ. ಹಿಂದೆ ನಿಂತ ಗುಬ್ಬಿ ಬಸ್ಸಿನ ಹಾರನ್ನು ಅದರ ಮಂತ್ರಭಾಗ.

ತಗ್ಗಿಸಿದರೆ ಓಟ ಹೆಚ್ಚದು ಎಂಬುದಕ್ಕೆ ಪ್ರತ್ಯಕ್ಷ ಪ್ರಮಾಣ ಬೇಕಾದವರು ಕುಣಿಗಲ್ಲಿಗೆ ಹೋಗಬೇಕು. ಟಿಪ್ಪು ಕಾಲದ ನಂಟಿರುವ ಕುದುರೆ ಫಾರಂ ಅಲ್ಲಿದೆ. ನಾಗಾಲೋಟದಲ್ಲಿ ರೇಸ್ ಕುದುರೆಯ ಗೊರಸಿನ ಮೇಲಿನ ಗಿಣ್ಣು ನೆಲದ ಹತ್ತಿರಕ್ಕೆ ಕುಸಿಯುತ್ತದೆ, ಕಾಲಿನ ಹಿಂಬದಿಯ ಸ್ನಾಯುರಜ್ಜು ಹಿಗ್ಗುತ್ತದೆ, ಮರುಕ್ಷಣ ಚಿಮ್ಮುತ್ತದೆ. ಓಟಕ್ಕೆ ಬೇಕಾದದ್ದು ಕುಸಿಯಲು ಜಾಗ. ಕಾಲು ಮೊಟಕು ಮಾಡಿ ಕುದುರೆಯ ವೇಗ ಹೆಚ್ಚಿಸಿದ ಸಾಕಣೆದಾರ ಇನ್ನೂ ಹುಟ್ಟಿಲ್ಲ. ತುಮಕೂರು ಕಡೆಯ ಮಣ್ಣುದಾರಿಗಳಲ್ಲಿ ಕೆ-1000 ರ‍್ಯಾಲಿ ಓಡಿಸುವವರದೂ ಇದೇ ಮತ: ಕಾರನ್ನು ಎತ್ತರಿಸಿ, ಸಸ್ಪೆನ್ಷನ್ನಿಗೆ ಏರಿಳಿಯಲು ಅವಕಾಶ ಕೊಟ್ಟು, ಹೊಟ್ಟೆಗೆ ತಗಡು ಕಟ್ಟುತ್ತಾರೆ. ಪಾಪ, ಅಧೋವಾದಿಗಳು ರ‍್ಯಾಲಿ ನೋಡಲು ಬರುವುದೂ ಕಷ್ಟ, ದಾರಿ ಮಣ್ಣಿನದು.

ಧರ್ಮಶಾಸ್ತ್ರದ ಭಾಗ ಚಿಕ್ಕದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೆಎ-06 ಫಲಕದ ಅಧೋವಾದಿಗಳು ಇದಕ್ಕೆ ರಚಿಸಿರುವ ಭಾಷ್ಯಗಳೆಲ್ಲ ಮೌಖಿಕ. ರಸ್ತೆಬದಿಯಲ್ಲಿ, ತಡೆದವರ ಮುಂದೆ.

ಕಡೆಯ ವಿವಾದ ನಾಲ್ಕು ಮೂಲೆಯ ತೂಕದ್ದು. ಪ್ರತಿ ಗಾಲಿಯಡಿ ತೂಕದ ಯಂತ್ರವಿಟ್ಟು, ಎರಡೂ ಕರ್ಣಗಳ ಮೊತ್ತ ಸಮವಾಗುವವರೆಗೆ ಸ್ಪ್ರಿಂಗಿನ ಪೀಠ ತಿರುಗಿಸಬೇಕು. ಆಗ ಚಾಲಕ ತನ್ನ ಸೀಟಿನಲ್ಲೇ ಕೂತಿರಬೇಕು ಎಂಬುದು ವಿಧಿ. ಚಾಲಕನೊಬ್ಬನೇ ಇರುವ ಕಾರು ನಮ್ಮ ಸೀಮೆಯಲ್ಲಿ ಊಹಾಪದಾರ್ಥ. ಪಕ್ಕದ ಸೀಟಿನ ಭಾವಮೈದುನನನ್ನೂ ಡಿಕ್ಕಿಯ ತೆಂಗಿನಕಾಯಿ ಚೀಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಹೊಂದಾಣಿಕೆ ನಿರರ್ಥಕ. ಗುಬ್ಬಿ ತಾಲ್ಲೂಕು ಚೇಳೂರಿನ ಸಿದ್ದು ಹಲಸು ಸರಾಸರಿ ಎರಡೂವರೆ ಕೆ.ಜಿ.ಯೊಳಗೆ ತೂಗುವುದರಿಂದ, ಹಲಸಿನ ಕಾಲದಲ್ಲಿ ಸ್ಪ್ಯಾನರ್ ಮುಟ್ಟದೆಯೇ ಸೂಕ್ಷ್ಮ ತಿದ್ದುಪಡಿ ಸಾಧ್ಯ: ಹಗುರವಾದ ಮೂಲೆಯಲ್ಲಿ ಒಂದು ಹಣ್ಣು ಇಟ್ಟರಾಯಿತು. ದಾರಿಯಲ್ಲಿ ಯಾರಾದರೂ ಅದನ್ನು ಬಿಡಿಸಿ ತಿಂದಲ್ಲಿ, ತಿಂದವರು ಯಾವ ಸೀಟಿನಲ್ಲಿದ್ದಾರೆಂದು ವಿಚಾರಿಸಿ ಆ ಮೂಲೆಯ ಸ್ಪ್ರಿಂಗನ್ನು ಮತ್ತೆ ತಿರುಗಿಸತಕ್ಕದ್ದು.