ಮೇಷ್ಟ್ರು ಉತ್ತರ ಹೇಳುವುದಿಲ್ಲ

ದೊಡ್ಡವರನ್ನು ಸಮಾರಂಭಕ್ಕೆ ಕರೆಯಲು ನಾವು ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಹೋಗುತ್ತೇವೆ. 1971ರಲ್ಲಿ ಲಾಸ್ ಏಂಜಲೀಸಿನ ಹೈಸ್ಕೂಲು ಹುಡುಗನೊಬ್ಬ ಆರು ಪೌಂಡ್ ಜೆಲ್ಲಿ ಬೀನ್ಸ್ ಹೊತ್ತುಕೊಂಡು ಹೋದ. ಹುರುಳಿಕಾಯಿಯಲ್ಲ, ಬಣ್ಣದ ಮಿಠಾಯಿ. ಹೋದದ್ದು ಗವರ್ನರ್ ರೊನಾಲ್ಡ್ ರೇಗನ್ ಮನೆಗೆ; ಆ ಮಿಠಾಯಿಯೆಂದರೆ ಅವರಿಗೆ ಪ್ರಾಣ. ರೇಗನ್ ಶಾಲೆಗೆ ಬಂದರು, ಹುಡುಗನ ಜೊತೆ ವಾದಕ್ಕೆ ಕೂತರು, ನಗುನಗುತ್ತಲೇ ಸಭೆಯ ಮನಸ್ಸು ಗೆದ್ದು ಹೋದರು. ಆ ಹುಡುಗ ಮೈಕೇಲ್ ಸ್ಯಾಂಡೆಲ್. ವಾದದ ಚಟ ಮಾತ್ರ ಅವರನ್ನು ಇವತ್ತಿಗೂ ಬಿಟ್ಟಿಲ್ಲ.

ಮುಂದೆ ಆಕ್ಸ್‌ಫರ್ಡಿನಲ್ಲಿ ಓದುವಾಗ ರಜೆಗೆ ದಕ್ಷಿಣ ಸ್ಪೇನಿಗೆ ಹೋದರು. ಚೀಲದಲ್ಲಿ ಕಾಂಟ್, ರಾಲ್ಸ್ ಎಂಬ ತತ್ತ್ವಜ್ಞಾನಿಗಳ ಪುಸ್ತಕಗಳು! ಅಂಥ ರಜೆ ಕಳೆದವರು ತತ್ತ್ವಜ್ಞಾನಿಯಾಗದೆ ಇನ್ನೇನಾದಾರು? ನ್ಯಾಯ ಯಾವುದೆಂದು ತಿಳಿಯಲು ನೀನು ಯಾರೆಂಬುದನ್ನೇ ಮರೆತು ಯೋಚಿಸು ಎಂದಿದ್ದರು ರಾಲ್ಸ್. ಮನೆ, ಊರು, ನಂಟು, ನಂಬಿಕೆಗಳನ್ನೆಲ್ಲ ಕಳಚಿಟ್ಟ ಮೇಲೆ ಯೋಚಿಸಲು ಉಳಿಯುವವನಾದರೂ ಯಾರು ಎಂದು 1982ರ ಪುಸ್ತಕದಲ್ಲಿ ಸ್ಯಾಂಡೆಲ್ ಕೇಳಿದರು. ನಾಲ್ಕು ಮಾತಾಡುವಷ್ಟರಲ್ಲಿ ‘ನಿಮ್ಮದು ಯಾವೂರು, ಯಾರ ಪೈಕಿ?’ ಎಂದು ವಿಚಾರಿಸುವ ನಮಗೆ ಈ ಪ್ರಶ್ನೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಹಾರ್ವರ್ಡಿನಲ್ಲಿ ನ್ಯಾಯದ ಕುರಿತು ಅವರು ಮಾಡುವ ಪಾಠಕ್ಕೆ ರಂಗಮಂದಿರವೇ ಬೇಕಾಯಿತು. ಐವರನ್ನು ಉಳಿಸಲು ಒಬ್ಬನನ್ನು ಕೊಲ್ಲಬಹುದೇ ಎನ್ನುತ್ತಾರೆ. ಒಬ್ಬ ಹೌದೆಂದರೆ, ಯಾಕೆ ಎನ್ನುತ್ತಾರೆ. ಇನ್ನೊಬ್ಬಳು ಅಲ್ಲವೆಂದರೂ, ಯಾಕೆ ಎನ್ನುತ್ತಾರೆ. ತಮ್ಮ ಉತ್ತರ ಮಾತ್ರ ಜೇಬಿನಲ್ಲೇ. 2009ರಿಂದ ಆ ಪಾಠ ಅಂತರ್ಜಾಲದಲ್ಲಿ ಪುಕ್ಕಟೆ. ಹಣಕ್ಕೆ ಸಿಗದ್ದು ಏನೇನೆಂದು 2012ರಲ್ಲಿ ಬರೆದ ಪುಸ್ತಕವನ್ನು ಮಾತ್ರ ಹಣ ಕೊಟ್ಟೇ ಕೊಳ್ಳಬೇಕು.

ಅದರಲ್ಲಿ ಇಸ್ರೇಲಿನ ಶಿಶುವಿಹಾರಗಳ ಕಥೆಯಿದೆ. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ದಂಡ ಹಾಕಿದರು. ತಡ ಇನ್ನೂ ಹೆಚ್ಚಿತು! ಮೊದಲು ಕಾಯುತ್ತಿದ್ದ ಟೀಚರಿಗೆ ಮುಖ ತೋರಿಸಲು ನಾಚಿಕೆಯಾಗುತ್ತಿತ್ತು. ಈಗ ದುಡ್ಡು ಕಟ್ಟಿಯಾಯಿತಲ್ಲ, ದಂಡವೇ ಶುಲ್ಕವಾಯಿತು. ದುಡ್ಡಿಗೆ ಸಾಲೂ ಸಿಗುತ್ತದೆ: ವಾಷಿಂಗ್ಟನ್ನಿನಲ್ಲಿ ಸಂಸತ್ತಿನ ವಿಚಾರಣೆ ಕೇಳಲು ಬಾಡಿಗೆಗೆ ಸಾಲು ನಿಲ್ಲುವವರಿದ್ದಾರೆ. ನಮ್ಮಲ್ಲೂ ದೇವರೆದುರು ಎರಡು ಸಾಲು: ಒಂದು ಧರ್ಮದರ್ಶನ, ಇನ್ನೊಂದು ಟಿಕೆಟ್ಟಿನದು. ದೇವರು ಇಬ್ಬರಿಗೂ ಒಬ್ಬನೇ, ತೀರ್ಥವೂ ಒಂದೇ ಚಮಚ.

ಪ್ರತಿಭೆಯ ಬಗ್ಗೆ 2020ರಲ್ಲಿ ಬರೆದ ಪುಸ್ತಕವಂತೂ ರ‍್ಯಾಂಕಿನ ಫ್ಲೆಕ್ಸ್ ಕಟ್ಟುವ ನಾಡಿಗೆ ಹೇಳಿ ಬರೆಸಿದಂತಿದೆ. ಗೆದ್ದವನು ಎಲ್ಲವೂ ತನ್ನ ದುಡಿಮೆಯ ಫಲವೆಂದು ಬೀಗುತ್ತಾನೆ. ಹುಟ್ಟಿದ ಮನೆ, ಕಲಿಸಿದವರು, ಅದೃಷ್ಟ ಯಾವುದೂ ಲೆಕ್ಕಕ್ಕಿಲ್ಲ. ಸೋತವನಿಗೆ ಸೋಲಿನ ಜೊತೆ ಅವಮಾನವೂ ಸೇರುತ್ತದೆ. ಸಮಾಜ ಒಡೆಯುವುದು ಇಲ್ಲಿಯೇ ಎನ್ನುತ್ತಾರೆ ಸ್ಯಾಂಡೆಲ್.

ಯಾವುದನ್ನು ಹಣಕ್ಕೆ ಮಾರಬಾರದು, ಮಾರುಕಟ್ಟೆ ಎಲ್ಲಿ ನಿಲ್ಲಬೇಕೆಂದು ಅವರು ಗೆರೆ ಎಳೆದು ತೋರಿಸುವುದಿಲ್ಲವೆಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಆದರೆ ಆ ಗೆರೆ ಎಲ್ಲರೂ ಕೂತು ಜಗಳಾಡಿ ಎಳೆಯಬೇಕಾದದ್ದು, ಒಬ್ಬ ಮೇಷ್ಟ್ರು ಎಳೆದುಕೊಡುವಂಥದ್ದಲ್ಲ. ಇವತ್ತೇ ಮನೆಯವರ ಜೊತೆ ಶುರುಮಾಡಿ. ಮಿಠಾಯಿ ಇದ್ದರೆ ಒಳ್ಳೆಯದು.